ಐಟಿ ವಿಭಾಗಕ್ಕೆ 3 ವರ್ಷದ ಯೋಜನೆ ಬರೆಯುವುದು ಹೇಗೆ? ಖರೀದಿ ಪಟ್ಟಿ ಪಕ್ಕಕ್ಕಿಡಿ, ಕೆಲಸದಿಂದ ಶುರು ಮಾಡಿ

ಪ್ರತಿ ಜನವರಿಯಲ್ಲೂ ಅಕೌಂಟ್ಸ್ ವಿಭಾಗದಿಂದ ಒಂದು ಮೇಲ್ ಬರುತ್ತದೆ. ‘ಮುಂದಿನ ವರ್ಷಕ್ಕೆ ಐಟಿಗೆ ಎಷ್ಟು ಹಣ ಬೇಕು, ಶುಕ್ರವಾರದೊಳಗೆ ಕಳಿಸಿ.’ ಐಟಿಯವರು ಹೋದ ವರ್ಷದ ಎಕ್ಸೆಲ್ ತೆಗೆಯುತ್ತಾರೆ. 40 ಕಂಪ್ಯೂಟರ್, ಒಂದು ಸರ್ವರ್, ಆರು ಕ್ಯಾಮೆರಾ, ಆಂಟಿವೈರಸ್ ರಿನ್ಯೂವಲ್. ಪ್ರತಿ ಸಾಲಿಗೂ ಶೇ 10 ಸೇರಿಸಿ ಕಳಿಸುತ್ತಾರೆ. ಆಡಳಿತ ಮಂಡಳಿ ಅದರಲ್ಲಿ ಅರ್ಧ ಹೊಡೆದು ಹಾಕುತ್ತದೆ. ಯಾವ ಅರ್ಧ ಬೇಕಿತ್ತು, ಯಾವುದು ಬೇಡವಾಗಿತ್ತು ಅಂತ ಎರಡೂ ಕಡೆಯವರಿಗೆ ಗೊತ್ತಿರುವುದಿಲ್ಲ.

ನಾನೂ ಕೆಲವು ವರ್ಷ ಹೀಗೇ ಕಳಿಸಿದ್ದೇನೆ. ಮಂಡಳಿಯವರು ಕಂಜೂಸು ಅಂತ ಬೇಸರ ಪಟ್ಟಿದ್ದೇನೆ. ಆಮೇಲೆ ಅರ್ಥವಾಯಿತು. ಅವರ ಮುಂದೆ ನಾನು ಇಡುತ್ತಿದ್ದದ್ದು ಸಾಮಾನಿನ ಚೀಟಿ. ಆ ಸಾಮಾನು ಬಂದರೆ ಸಂಸ್ಥೆಯ ಯಾವ ಕೆಲಸ ಸುಧಾರಿಸುತ್ತದೆ ಅಂತ ನಾನು ಒಂದು ಸಲವೂ ಹೇಳಿರಲಿಲ್ಲ.

ಐಟಿಯ ಕಾರ್ಯತಂತ್ರ ಯೋಜನೆ ಅಂದರೆ ಸಂಸ್ಥೆ ಮಾಡಿದ ತೀರ್ಮಾನಗಳ ದಾಖಲೆ. ಮುಂದಿನ ಮೂರು ವರ್ಷ ಯಾವ ಕೆಲಸ ಹೇಗೆ ನಡೆಯಬೇಕು, ಅದಕ್ಕೆ ಏನು ಬೇಕು, ಯಾರು ಮಾಡುತ್ತಾರೆ, ಏನನ್ನು ಬಿಟ್ಟುಬಿಡುತ್ತೇವೆ ಅನ್ನುವುದು ಅದರಲ್ಲಿರಬೇಕು. ಯಾವ ಕಂಪ್ಯೂಟರ್ ತರಬೇಕು ಅನ್ನುವುದು ಕೊನೆಗೆ ತಾನಾಗಿ ಬರುತ್ತದೆ.

ವಿಷಯ ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರದಲ್ಲಿರುವ ಒಂದು ವಿದ್ಯಾಸಂಸ್ಥೆ. ಒಂದು ಹೈಸ್ಕೂಲು, ಒಂದು ಪಿಯು ಕಾಲೇಜು, ಎರಡು ಡಿಗ್ರಿ ಕಾಲೇಜು, ಎರಡು ಹಾಸ್ಟೆಲ್. 4,000 ವಿದ್ಯಾರ್ಥಿಗಳು, 280 ಸಿಬ್ಬಂದಿ, 120 ಕಂಪ್ಯೂಟರ್. ಐಟಿಯಲ್ಲಿ ನಾಲ್ಕು ಜನ. ನಿಮ್ಮದು ಆಸ್ಪತ್ರೆಯೋ ಸಹಕಾರ ಸಂಘವೋ ಆಗಿದ್ದರೂ ದಾರಿ ಇದೇ.

ಹಂತ 1: ಹೊಣೆ ಯಾರದು, ಸಮಯ ಎಷ್ಟು

ಐಟಿ ಮುಖ್ಯಸ್ಥರು ಒಬ್ಬರೇ ಕೂತು ಬರೆದ ಯೋಜನೆ ಐಟಿ ರೂಮಿನಿಂದ ಆಚೆ ಹೋಗುವುದಿಲ್ಲ. ಹಾಗಾಗಿ ಮೊದಲು ಆಡಳಿತ ಮಂಡಳಿಯಿಂದ ಒಬ್ಬರನ್ನು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅದು ಸಂಸ್ಥೆಯ ಕಾರ್ಯದರ್ಶಿ. ಅವರು ತಾಂತ್ರಿಕ ವಿಷಯ ತಿಳಿದವರಾಗಿರಬೇಕಿಲ್ಲ. ಇಬ್ಬರು ಪ್ರಿನ್ಸಿಪಾಲರು ಎರಡು ಕಡೆ ಎಳೆದಾಗ ‘ಇದು ಹೀಗೆ’ ಅಂತ ಹೇಳುವ ಅಧಿಕಾರ ಇರಬೇಕು, ಅಷ್ಟೇ.

ಜೊತೆಗೆ ಐದಾರು ಜನರ ತಂಡ ಸಾಕು. ಅಕೌಂಟ್ಸ್‌ನಿಂದ ಒಬ್ಬರು, ಪರೀಕ್ಷಾ ವಿಭಾಗದಿಂದ ಒಬ್ಬರು, ಆಫೀಸ್ ಸೂಪರಿಂಟೆಂಡೆಂಟ್, ಪಾಠ ಮಾಡುವ ಒಬ್ಬ ಅಧ್ಯಾಪಕರು, ಹಾಸ್ಟೆಲ್ ವಾರ್ಡನ್, ಐಟಿ ಮುಖ್ಯಸ್ಥರು. ಸೂಪರಿಂಟೆಂಡೆಂಟ್ ಇಲ್ಲದೆ ಶುರು ಮಾಡಲೇಬೇಡಿ. ಯಾವ ಕಾಗದ ಯಾವ ಟೇಬಲ್ಲಿಗೆ ಯಾಕೆ ಹೋಗುತ್ತದೆ ಅಂತ ನಿಜವಾಗಿ ಗೊತ್ತಿರುವುದು ಅವರಿಗೆ.

ಬಜೆಟ್ ಜನವರಿಯಲ್ಲಿ ತಯಾರಾಗುತ್ತದೆ ಅಂದರೆ ಈ ಕೆಲಸ ಅಕ್ಟೋಬರ್‌ನಲ್ಲಿ ಶುರುವಾಗಬೇಕು. ಹತ್ತು ವಾರ ಬೇಕು. ಅವಧಿ ಮೂರು ವರ್ಷ ಸಾಕು. ಐದು ವರ್ಷದ ಯೋಜನೆಯಲ್ಲಿ ಕೊನೆಯ ಎರಡು ವರ್ಷ ಬರೀ ಊಹೆ ಆಗಿಬಿಡುತ್ತದೆ.

ಹಂತ 2: ಕೆಲಸ ಮಾಡುವವರ ಪಕ್ಕ ಕೂತು ನೋಡಿ

ಇಡೀ ಯೋಜನೆಯಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೆ. ಗೂಗಲ್ ಫಾರ್ಮ್ ಕಳಿಸಿ ‘ನಿಮ್ಮ ಐಟಿ ಅಗತ್ಯಗಳೇನು’ ಅಂತ ಕೇಳಬೇಡಿ. ‘ಫಾಸ್ಟ್ ಇಂಟರ್ನೆಟ್, ಹೊಸ ಪ್ರಿಂಟರ್’ ಅಂತ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ನಿಜವಾದ ತೊಂದರೆ ಅದರ ಕೆಳಗೆ ಇರುತ್ತದೆ. ಅದನ್ನು ನೋಡಬೇಕಾದರೆ ಒಂದು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಅರ್ಧ ದಿನ ಕೂರಬೇಕು.

ಅಡ್ಮಿಷನ್ ಕೌಂಟರನ್ನೇ ನೋಡಿ. ಅಡ್ಮಿಷನ್ ಕಾಲ ಮುಗಿದಿದ್ದರೆ ಹೋದ ಸಲದ ನಾಲ್ಕು ಅರ್ಜಿ ತೆಗೆಸಿ, ಒಂದೊಂದೂ ಎಲ್ಲೆಲ್ಲಿ ಹೋಯಿತು ಅಂತ ಹಿಂಬಾಲಿಸಿ. ಡಿಗ್ರಿಗೆ ಸೇರುವ ಹುಡುಗಿ ಅರ್ಜಿ ತುಂಬುತ್ತಾಳೆ. ಅವಳ ಹೆಸರನ್ನು ಕ್ಲರ್ಕ್ ಕಾಲೇಜಿನ ರಿಜಿಸ್ಟರಿಗೆ ಬರೆಯುತ್ತಾರೆ. ಸರ್ಕಾರ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಅಂತ ಮಾಡಿರುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅದೇ ಹೆಸರು ಇನ್ನೊಮ್ಮೆ. ಫೀಸ್ ಸಾಫ್ಟ್‌ವೇರಿಗೆ ಮತ್ತೊಮ್ಮೆ. ಲೈಬ್ರರಿಯಲ್ಲಿ ಒಂದು ಸಲ, ಹಾಸ್ಟೆಲ್ ರಿಜಿಸ್ಟರಿನಲ್ಲಿ ಒಂದು ಸಲ. ಐದು ಕಡೆ ಐದು ಜನ ಟೈಪ್ ಮಾಡಿದ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಇರುತ್ತದಾ? ಇರುವುದಿಲ್ಲ. ಆಧಾರ್‌ನಲ್ಲಿರುವ ಹೆಸರಿಗೂ ಕಾಲೇಜಿನ ದಾಖಲೆಗೂ ತಾಳೆಯಾಗದೆ ಅವಳ ವಿದ್ಯಾರ್ಥಿವೇತನ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅವಳ ಅಪ್ಪ ಕೂಲಿ ಬಿಟ್ಟು ಎರಡು ಸಲ ಆಫೀಸಿಗೆ ಬರುತ್ತಾರೆ.

‘ಹೊಸ ಪ್ರಿಂಟರ್ ಬೇಕು’ ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ‘ಒಬ್ಬ ವಿದ್ಯಾರ್ಥಿಯ ವಿವರವನ್ನು ಒಂದೇ ಸಲ ಟೈಪ್ ಮಾಡಬೇಕು, ಆಧಾರ್ ನೋಡಿಕೊಂಡೇ ಮಾಡಬೇಕು’ ಅನ್ನುವ ಗುರಿ ಹುಟ್ಟುವುದು ಇಂಥ ಅರ್ಧ ದಿನದಲ್ಲಿ.

ಪಕ್ಕ ಕೂತಾಗ ಕೇಳಬೇಕಾದ್ದು ಸರಳ. ಈ ಕೆಲಸ ಎಲ್ಲಿ ನಿಂತುಹೋಗುತ್ತದೆ? ಯಾವುದನ್ನು ಎರಡು ಸಲ ಮಾಡುತ್ತೀರಿ? ನೀವು ಒಂದು ವಾರ ರಜೆ ಹಾಕಿದರೆ ಇದನ್ನು ಯಾರು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಜನ ನಕ್ಕು ‘ಯಾರೂ ಇಲ್ಲ ಸಾರ್’ ಅಂದರೆ ಅದನ್ನು ಕೆಂಪು ಇಂಕಿನಲ್ಲಿ ಬರೆದುಕೊಳ್ಳಿ.

ಕನ್ನಡದ ಸಂಸ್ಥೆಗಳಲ್ಲಿ ಇನ್ನೊಂದು ವಿಷಯ ತಪ್ಪದೆ ನೋಡಬೇಕು. ಹಳೆಯ ಫೈಲುಗಳು ಯಾವ ಅಕ್ಷರದಲ್ಲಿವೆ? ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಪರದೆಯ ಮೇಲೆ ಕನ್ನಡದಂತೆ ಕಾಣುತ್ತದೆ. ಒಳಗೆ ಮಾತ್ರ ಇಂಗ್ಲಿಷ್ ಸಂಕೇತಗಳೇ ಇರುತ್ತವೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಹೊಸ ಸಾಫ್ಟ್‌ವೇರಿಗೆ ಹಾಕಿದರೆ ಕಸವಾಗುತ್ತದೆ. ಯೂನಿಕೋಡಿಗೆ ಬದಲಾಯಿಸುವ ಉಚಿತ ಉಪಕರಣಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಬ್ಬರು ಕೂತು ಕಣ್ಣಲ್ಲೇ ನೋಡಬೇಕು. ಆ ಕೆಲಸಕ್ಕೂ ಯೋಜನೆಯಲ್ಲಿ ದಿನ ಇಡಿ.

ಹಂತ 3: ಇರುವುದನ್ನೆಲ್ಲ ಲೆಕ್ಕಕ್ಕೆ ತನ್ನಿ

ಕಂಪ್ಯೂಟರ್, ಸರ್ವರ್, ಸ್ವಿಚ್, ಯುಪಿಎಸ್ ಎಣಿಸುವುದು ಎಲ್ಲರಿಗೂ ಗೊತ್ತು. ಪ್ರತಿಯೊಂದರ ಪಕ್ಕ ಮೂರು ದಿನಾಂಕ ಬರೆಯಿರಿ: ತಂದದ್ದು ಯಾವಾಗ, ವಾರಂಟಿ ಅಥವಾ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಮುಗಿಯುವುದು ಯಾವಾಗ, ತಯಾರಕರ ಬೆಂಬಲ ನಿಲ್ಲುವುದು ಯಾವಾಗ.

ಮೂರನೆಯದು ಈಗ ತುಂಬ ಮುಖ್ಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್ ಕಂಪನಿಯದಾದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ವಿಂಡೋಸ್ ಸರ್ವರ್ 2016 ಓಡುತ್ತಿದ್ದರೆ ಅದಕ್ಕೂ 2027ರ ಜನವರಿ 12 ಕೊನೆ.

ಇದನ್ನು ನೋಡಿ ಗಾಬರಿಯಾಗಿ ಹಳೆಯ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ಬದಲಿಸಲು ಹೋಗಬೇಡಿ. ಹಣ ಕೊಟ್ಟರೆ ಮೈಕ್ರೋಸಾಫ್ಟ್ ಬೆಂಬಲ ನಿಂತ ದಿನದಿಂದ ಮೂರು ವರ್ಷದವರೆಗೆ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಕೊಡುತ್ತದೆ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಅದು ಪ್ರಕಟಿಸಿದ ದರ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಬೇರೆ ಸಂಸ್ಥೆಗಳಿಗೆ ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ಒಂದೇ ತೊಂದರೆಗೆ ಕಾಲೇಜಿನ ಉತ್ತರ ಬೇರೆ, ಕಂಪನಿಯ ಉತ್ತರ ಬೇರೆ. ಕಾಲೇಜು ನಿಧಾನವಾಗಿ ಬದಲಿಸಬಹುದು. ಹಳೆಯ ಯಂತ್ರ ತುಂಬ ಇರುವ ಕಂಪನಿಗೆ ಬೇಗ ಬದಲಿಸುವುದೇ ಲಾಭ.

ಇನ್ನು ಕಣ್ಣಿಗೆ ಕಾಣದ ಆಸ್ತಿ. ಸಂಸ್ಥೆಯ ಡೊಮೈನ್ ಹೆಸರು (ವೆಬ್‌ಸೈಟಿನ ವಿಳಾಸ) ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ? ಫೈರ್‌ವಾಲ್ ಪಾಸ್‌ವರ್ಡ್ ಯಾರ ಬಳಿ ಇದೆ? ಫೀಸ್ ಸಾಫ್ಟ್‌ವೇರ್ ಕಂಪನಿ ಮುಚ್ಚಿದರೆ ಡೇಟಾ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ ಅಂತ ಕರಾರಿನಲ್ಲಿ ಇದೆಯಾ? ನಾನು ಹಿಂದೆ ಇದ್ದ ಒಂದು ಕಡೆ ಡೊಮೈನ್ ನೋಂದಣಿ ಕೆಲಸ ಬಿಟ್ಟು ಹೋದವರೊಬ್ಬರ ಸ್ವಂತ ಮೇಲ್‌ನಲ್ಲಿತ್ತು. ನವೀಕರಣದ ನೆನಪೋಲೆಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಒಂದು ಸೋಮವಾರ ವೆಬ್‌ಸೈಟೂ ಇಲ್ಲ, ಮೇಲೂ ಇಲ್ಲ. ಅವರು ಒಳ್ಳೆಯ ಮನುಷ್ಯ, ಫೋನ್ ಎತ್ತಿದರು, ಸಂಜೆಯೊಳಗೆ ಸರಿಯಾಯಿತು. ಅವರು ಫೋನ್ ಎತ್ತದಿದ್ದರೆ ಏನು ಮಾಡಬೇಕಿತ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಂತ 4: ಅಪಾಯ ಮತ್ತು ಕಾನೂನು

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಯಿತು. ದೇಶದ ದೊಡ್ಡ ಆಸ್ಪತ್ರೆಯೊಂದು ಸುಮಾರು ಎರಡು ವಾರ ಕೈಬರಹದಲ್ಲಿ ರೋಗಿಗಳನ್ನು ನೋಡಬೇಕಾಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಅನ್ನುವ ತಂತ್ರಜ್ಞಾನ ಕಂಪನಿಗೆ ರಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ತಂತ್ರಾಂಶ) ತೊಂದರೆಯಾದಾಗ, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಪಾವತಿ ನಿಂತಿತು. ಎರಡನೆಯದನ್ನು ಗಮನಿಸಿ. ಆ ಬ್ಯಾಂಕುಗಳ ಸ್ವಂತ ಕಂಪ್ಯೂಟರ್ ಕೆಟ್ಟಿರಲಿಲ್ಲ. ಹೊರಗಿನವರ ಕೈಗೆ ಕೊಟ್ಟ ಕೆಲಸವೂ ನಿಮ್ಮ ಅಪಾಯದ ಪಟ್ಟಿಯಲ್ಲಿ ಇರಬೇಕು.

ಪ್ರತಿ ಮುಖ್ಯ ಕೆಲಸಕ್ಕೂ ಅದರ ಮುಖ್ಯಸ್ಥರನ್ನು ಎರಡು ಪ್ರಶ್ನೆ ಕೇಳಿ. ಇದು ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ? ಎಷ್ಟು ಹೊತ್ತಿನ ಡೇಟಾ ಕಳೆದುಹೋದರೆ ಮತ್ತೆ ಟೈಪ್ ಮಾಡಿಕೊಳ್ಳಬಹುದು? ಲೈಬ್ರರಿಯವರು ಎರಡು ದಿನ ಅನ್ನಬಹುದು. ಫೀಸ್ ಕೌಂಟರಿನವರು ಒಂದು ಗಂಟೆ ಅನ್ನುತ್ತಾರೆ. ಆ ಉತ್ತರವೇ ಬ್ಯಾಕಪ್ಪಿಗೆ ಎಷ್ಟು ಖರ್ಚು ಮಾಡಬೇಕು ಅಂತ ಹೇಳುತ್ತದೆ. ಎಲ್ಲದಕ್ಕೂ ಒಂದೇ ಮಟ್ಟದ ಬ್ಯಾಕಪ್ ಅಂದರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ಅಪಾಯ.

ಬ್ಯಾಕಪ್ಪಿನ ಹಳೆಯ 3-2-1 ಸೂತ್ರ ಈಗಲೂ ಒಳ್ಳೆಯದು. ಮೂರು ಪ್ರತಿ, ಡೇಟಾ ಇಡುವ ಎರಡು ಬೇರೆ ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ. ಒಂದು ಪ್ರತಿ ನೆಟ್‌ವರ್ಕ್‌ಗೆ ಸೇರದೆ ಇದ್ದರೆ ಇನ್ನೂ ಒಳ್ಳೆಯದು. ರಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಡೇಟಾ ನಿಜವಾಗಿ ವಾಪಸ್ ತಂದು ನೋಡುವ ದಿನವನ್ನೂ ಯೋಜನೆಯಲ್ಲೇ ಬರೆಯಿರಿ.

ಕಾನೂನಿನಲ್ಲಿ ಎರಡು ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ, ಅಂದರೆ 2027ರ ಮೇ ಹೊತ್ತಿಗೆ ತಯಾರಿರಬೇಕು. ಈ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳು. ಹೈಸ್ಕೂಲು, ಪಿಯು ಇರುವ ಸಂಸ್ಥೆಗೆ ಇದು ದೊಡ್ಡ ವಿಷಯ. ಡೇಟಾ ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಇನ್ನೊಂದು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು (ಕಂಪ್ಯೂಟರ್ ವ್ಯವಸ್ಥೆಯಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ಇವುಗಳಲ್ಲಿ ನಿಮ್ಮ ಸಂಸ್ಥೆಗೆ ಏನು ಅನ್ವಯಿಸುತ್ತದೆ ಅಂತ ವಕೀಲರನ್ನು ಒಮ್ಮೆ ಕೂರಿಸಿಕೊಂಡು ಕೇಳಿ.

ಹಂತ 5: ಗುರಿ ನಾಲ್ಕೇ ಇರಲಿ

ಇಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ಎಪ್ಪತ್ತು ಎಂಬತ್ತು ಅಂಶಗಳಿರುತ್ತವೆ. ಅವನ್ನೆಲ್ಲ ಯೋಜನೆಗೆ ತುರುಕಬೇಡಿ. ತಂಡ ಒಂದು ಇಡೀ ದಿನ ಕೂತು ನಾಲ್ಕು ಗುರಿಗೆ ಇಳಿಸಬೇಕು. ನಾಲ್ಕು ಜನರ ಐಟಿ ತಂಡಕ್ಕೆ ಐದನೆಯದು ಹೊರೆ.

ಗುರಿಯನ್ನು ಕೆಲಸದ ಮಾತಿನಲ್ಲಿ ಬರೆಯಿರಿ. ‘ಇಆರ್‌ಪಿ (ಎಲ್ಲ ವಿಭಾಗಕ್ಕೂ ಒಂದೇ ಸಾಫ್ಟ್‌ವೇರ್) ಅಳವಡಿಸುವುದು’ ಗುರಿ ಅಲ್ಲ. ‘ಎರಡನೇ ವರ್ಷದ ಜೂನ್‌ನಿಂದ ವಿದ್ಯಾರ್ಥಿಯ ವಿವರ ಒಂದೇ ಕಡೆ ದಾಖಲಾಗಿ, ಫೀಸ್, ಲೈಬ್ರರಿ, ಹಾಸ್ಟೆಲ್ ಮೂರೂ ಅಲ್ಲಿಂದಲೇ ತೆಗೆದುಕೊಳ್ಳುತ್ತವೆ’ ಅನ್ನುವುದು ಗುರಿ. ಸರ್ಕಾರದ ಪೋರ್ಟಲ್ ನಿಮ್ಮ ಕೈಯಲ್ಲಿಲ್ಲ, ಅಲ್ಲಿ ಮತ್ತೆ ತುಂಬಲೇಬೇಕಾಗಬಹುದು. ಆದರೆ ಸರಿಯಾದ ಒಂದೇ ಮೂಲದಿಂದ ನಕಲು ಮಾಡಿದರೆ ಸ್ಪೆಲ್ಲಿಂಗ್ ತಪ್ಪುವುದಿಲ್ಲ.

ಇಲ್ಲಿ ನನಗೆ ಯಾವಾಗಲೂ ನೆನಪಾಗುವುದು ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ರಾಜ್ಯದ್ದೇ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ್ದು ಅದರ ಅರ್ಧ ಕೆಲಸ ಮಾತ್ರ. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರ ತೀರ್ಮಾನಿಸಿತು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು ಅಂತ ಮಾಡಿತು. ಹಳೆಯ ದಾರಿ ಮುಚ್ಚಿದ್ದರಿಂದಲೇ ಹೊಸದು ನಿಂತಿತು. ನಿಮ್ಮ ಪ್ರತಿ ಗುರಿಯ ಕೆಳಗೂ ‘ಇದು ಬಂದ ದಿನದಿಂದ ಯಾವುದನ್ನು ನಿಲ್ಲಿಸುತ್ತೇವೆ’ ಅಂತ ಒಂದು ಸಾಲು ಇರಲಿ. ಆ ಸಾಲು ಇಲ್ಲದಿದ್ದರೆ ಕ್ಲರ್ಕುಗಳು ಸಾಫ್ಟ್‌ವೇರನ್ನೂ ತುಂಬುತ್ತಾರೆ, ರಿಜಿಸ್ಟರನ್ನೂ ಬರೆಯುತ್ತಾರೆ. ಅವರಿಗೆ ನಾವು ಮಾಡುವ ಅನ್ಯಾಯ ಅದು.

ಮಾಡದೇ ಇರುವ ಕೆಲಸಗಳ ಪಟ್ಟಿಯೂ ಬೇಕು. ‘ಈ ಮೂರು ವರ್ಷ ಸಂಸ್ಥೆಯದೇ ಮೊಬೈಲ್ ಆಪ್ ಮಾಡುವುದಿಲ್ಲ’ ಅಂತ ಬರೆದು ಸಹಿ ಹಾಕಿಸಿ. ಎಲ್ಲೋ ಒಂದು ಆಪ್ ನೋಡಿ ಬಂದ ಸದಸ್ಯರು ಕೇಳಿದಾಗ ಆ ಸಾಲು ನಿಮ್ಮನ್ನು ಕಾಯುತ್ತದೆ.

ಹಂತ 6: ಸರದಿ ಹಚ್ಚಿ

ಯಾವುದರ ಮೇಲೆ ಯಾವುದು ನಿಂತಿದೆ ಅಂತ ನೋಡಿ. ಎಲ್ಲವೂ ಕ್ಲೌಡ್‌ಗೆ ಹೋಗುವ ಮುಂಚೆ ಎರಡನೇ ಇಂಟರ್ನೆಟ್ ಲೈನ್ ಬೇಕು, ಅದೂ ಬೇರೆ ಕಂಪನಿಯದು, ಬೇರೆ ದಾರಿಯಲ್ಲಿ ಬರುವಂಥದ್ದು. ರಸ್ತೆ ಅಗೆಯುವ ಜೆಸಿಬಿ ಎರಡು ಕೇಬಲನ್ನೂ ಒಂದೇ ಸಲ ಕತ್ತರಿಸುವಂತಿದ್ದರೆ ಎರಡು ಲೈನ್ ಇದ್ದು ಪ್ರಯೋಜನವಿಲ್ಲ. ಹೊಸ ಸಾಫ್ಟ್‌ವೇರಿಗೆ ಮುಂಚೆ ಹಳೆಯ ಡೇಟಾ ಶುದ್ಧವಾಗಬೇಕು. ಇವೆರಡಕ್ಕೂ ಮುಂಚೆ ಬ್ಯಾಕಪ್.

ಅಡ್ಮಿಷನ್ ಮತ್ತು ಪರೀಕ್ಷೆ ಇರುವ ತಿಂಗಳುಗಳಲ್ಲಿ ಯಾವ ದೊಡ್ಡ ಬದಲಾವಣೆಯೂ ಬೇಡ. ಕ್ಯಾಲೆಂಡರಿನಲ್ಲಿ ಆ ತಿಂಗಳುಗಳಿಗೆ ಮೊದಲೇ ಅಡ್ಡಗೆರೆ ಹಾಕಿ. ಉಳಿಯುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಅಷ್ಟರಲ್ಲಿ ಎಷ್ಟು ಆಗುತ್ತದೋ ಅಷ್ಟನ್ನೇ ಒಪ್ಪಿಕೊಳ್ಳಿ.

ಹಂತ 7: ಹಣದ ಲೆಕ್ಕ

ಖರ್ಚನ್ನು ಎರಡು ಭಾಗ ಮಾಡಿ. ಈಗಿರುವುದನ್ನು ನಡೆಸಲು ಬೇಕಾದದ್ದು ಒಂದು, ಹೊಸದಾಗಿ ಬದಲಿಸಲು ಬೇಕಾದದ್ದು ಇನ್ನೊಂದು. ಎರಡನ್ನೂ ಬೆರೆಸಿ ತೋರಿಸಿದರೆ ಮಂಡಳಿ ಕತ್ತರಿ ಹಾಕುವಾಗ ಎಎಂಸಿಯೂ ಹೋಗುತ್ತದೆ.

ಕಂಪ್ಯೂಟರ್ ಬದಲಿಸುವುದನ್ನು ಪ್ರತಿ ವರ್ಷದ ಸಮ ಖರ್ಚು ಮಾಡಿಬಿಡಿ. 120 ಯಂತ್ರ, ಒಂದೊಂದಕ್ಕೆ 5 ವರ್ಷ ಆಯಸ್ಸು ಅಂದರೆ ವರ್ಷಕ್ಕೆ 24. ಒಂದಕ್ಕೆ 45,000 ರೂಪಾಯಿ ಅಂತ ಹಿಡಿದರೆ 10 ಲಕ್ಷ 80 ಸಾವಿರ. ಪ್ರತಿ ವರ್ಷ ಇಷ್ಟು ಅಂತ ಗೊತ್ತಿದ್ದರೆ ಮಂಡಳಿ ಜಗಳ ಮಾಡುವುದಿಲ್ಲ. ಐದನೇ ವರ್ಷ ಒಮ್ಮೆಗೇ 54 ಲಕ್ಷ ಕೇಳಿದರೆ ಖಂಡಿತ ಮಾಡುತ್ತದೆ.

ಸಾಫ್ಟ್‌ವೇರಿಗೆ ಮೂರು ವರ್ಷದ ಪೂರ್ತಿ ಖರ್ಚು ಹಾಕಿ. ಲೈಸೆನ್ಸ್, ಅಳವಡಿಕೆ, ಡೇಟಾ ಸಾಗಣೆ, ತರಬೇತಿ, ವಾರ್ಷಿಕ ಬೆಂಬಲ, ಅದರ ಮೇಲೆ ಶೇ 18 ಜಿಎಸ್‌ಟಿ. ಶಾಲೆ ಕಾಲೇಜುಗಳ ಮುಖ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕೊಟ್ಟ ತೆರಿಗೆ ವಾಪಸ್ ಜಮೆಯಾಗುವುದಿಲ್ಲ. ಅದು ಪೂರ್ತಿ ಖರ್ಚೇ. ಡಾಲರಿನಲ್ಲಿ ಬಿಲ್ ಆಗುವ ಸೇವೆ ಇದ್ದರೆ ರೂಪಾಯಿ ಇಳಿಯುವ ಲೆಕ್ಕಕ್ಕೂ ಸ್ವಲ್ಪ ಸೇರಿಸಿ. ಯುಪಿಎಸ್ ಬ್ಯಾಟರಿ ಮರೆಯಬೇಡಿ. ಲೆಡ್ ಆಸಿಡ್ ಬ್ಯಾಟರಿಗೆ ಮೂರರಿಂದ ಐದು ವರ್ಷ ಆಯಸ್ಸು. ಬಿಸಿ ಜಾಸ್ತಿ ಇರುವ ಕೋಣೆಯಲ್ಲಿ ಅಷ್ಟೂ ಬಾಳುವುದಿಲ್ಲ.

ಹಂತ 8: ನಿಮ್ಮ ಐಟಿ ಹುಡುಗರು

ನಾಲ್ಕು ಜನ ದಿನವಿಡೀ ಪ್ರೊಜೆಕ್ಟರ್ ಕೇಬಲ್, ಪೇಪರ್ ಜಾಮ್, ಪಾಸ್‌ವರ್ಡ್ ಅಂತ ಓಡಾಡುತ್ತಿದ್ದರೆ ಯೋಜನೆಯ ಕೆಲಸ ಯಾರು ಮಾಡುತ್ತಾರೆ? ಎರಡು ವಾರ ಬಂದ ದೂರುಗಳನ್ನೆಲ್ಲ ಬರೆದಿಟ್ಟು ನೋಡಿ. ಪದೇ ಪದೇ ಬರುವ ನಾಲ್ಕೈದು ದೂರುಗಳ ಮೂಲ ಸರಿಪಡಿಸಿದರೆ ವಾರಕ್ಕೆ ಒಬ್ಬರ ಒಂದೆರಡು ದಿನ ಉಳಿಯುತ್ತದೆ. ಆ ದಿನಗಳನ್ನು ಯೋಜನೆಗೆ ಅಂತ ಎತ್ತಿಡಿ, ಬೇರೆ ಯಾರೂ ಮುಟ್ಟದಂತೆ.

ಪ್ರತಿ ಮುಖ್ಯ ವ್ಯವಸ್ಥೆಯೂ ಇಬ್ಬರಿಗೆ ಗೊತ್ತಿರಬೇಕು. ತರಬೇತಿಗೆ, ಸಂಬಳ ಹೆಚ್ಚಳಕ್ಕೆ ಯೋಜನೆಯಲ್ಲೇ ಹಣ ಇಡಿ. ಸರ್ವರ್‌ಗೆ ಎಂಟು ಲಕ್ಷ ಕೊಟ್ಟು, ಅದನ್ನು ನೋಡಿಕೊಳ್ಳುವ ಹುಡುಗನಿಗೆ ಎರಡು ಸಾವಿರ ಹೆಚ್ಚು ಕೊಡಲು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ಅವನು ಬೆಂಗಳೂರಿಗೆ ಹೋದ. ಅವನ ತಲೆಯಲ್ಲಿದ್ದದ್ದೆಲ್ಲ ಅವನ ಜೊತೆಗೇ ಹೋಯಿತು.

ಹಂತ 9: ಬರೆದು ಒಪ್ಪಿಸುವುದು

ಹನ್ನೆರಡು ಪುಟ ಸಾಕು. ಮೊದಲ ಪುಟದಲ್ಲಿ ನಾಲ್ಕು ಗುರಿ, ವರ್ಷವಾರು ಹಣ, ಮಂಡಳಿ ಮಾಡಬೇಕಾದ ತೀರ್ಮಾನಗಳು. ಮಂಡಳಿಯಲ್ಲಿ ಕೆಲವರು ಆ ಒಂದು ಪುಟ ಮಾತ್ರ ಓದುತ್ತಾರೆ. ಅದು ತಪ್ಪಲ್ಲ, ಅದಕ್ಕೆ ತಕ್ಕಂತೆ ಬರೆಯುವುದು ನಮ್ಮ ಕೆಲಸ. ಅದನ್ನು ಕನ್ನಡದಲ್ಲಿ ಬರೆಯಿರಿ. ಆಫೀಸಿನವರು, ವಾರ್ಡನ್, ಅಟೆಂಡರ್‌ವರೆಗೂ ಓದಿ ‘ಇದರಲ್ಲಿ ನನ್ನ ಕೆಲಸ ಎಲ್ಲಿದೆ’ ಅಂತ ಹುಡುಕಿಕೊಳ್ಳಬೇಕು.

ಸಭೆಗೆ ಮುಂಚೆ ಪ್ರತಿ ಸದಸ್ಯರನ್ನೂ ಬೇರೆ ಬೇರೆಯಾಗಿ ಹತ್ತು ನಿಮಿಷ ಭೇಟಿ ಮಾಡಿ. ಆಕ್ಷೇಪಗಳು ಅಲ್ಲೇ ಹೊರಬರುತ್ತವೆ. ಹಣ ಕಡಿಮೆ ಮಾಡಿ ಅಂದರೆ ಎಲ್ಲದರಲ್ಲೂ ಶೇ 20 ಕತ್ತರಿಸಲು ಒಪ್ಪಬೇಡಿ. ‘ಹಾಗಾದರೆ ಯಾವ ಗುರಿಯನ್ನು ಮುಂದಿನ ವರ್ಷಕ್ಕೆ ಹಾಕೋಣ ಸಾರ್?’ ಅಂತ ಕೇಳಿ.

ಹಂತ 10: ಮೂರು ತಿಂಗಳಿಗೊಮ್ಮೆ ಒಂದು ಗಂಟೆ

ಮೊದಲ ಪರಿಶೀಲನೆಯ ದಿನಾಂಕವನ್ನು ಯೋಜನೆ ಒಪ್ಪಿದ ಸಭೆಯಲ್ಲೇ ಗೊತ್ತು ಮಾಡಿ. ಕಾರ್ಯದರ್ಶಿ ಕೂರಬೇಕು, ಒಂದು ಗಂಟೆ ಸಾಕು. ಪ್ರತಿ ಗುರಿಗೂ ಒಂದು ಅಳತೆ ಇರಲಿ. ಎಷ್ಟು ವಿದ್ಯಾರ್ಥಿಗಳ ಹೆಸರು ಆಧಾರ್ ಜೊತೆ ತಾಳೆಯಾಗಿದೆ? ಬ್ಯಾಕಪ್ಪಿನಿಂದ ವಾಪಸ್ ತರಲು ಎಷ್ಟು ಗಂಟೆ ಹಿಡಿಯಿತು? ಫೀಸ್ ಕೌಂಟರ್ ಈ ಮೂರು ತಿಂಗಳಲ್ಲಿ ಎಷ್ಟು ಹೊತ್ತು ನಿಂತಿತ್ತು? ‘ಶೇ 70 ಕೆಲಸ ಮುಗಿದಿದೆ’ ಅನ್ನುವ ಮಾತನ್ನು ಆ ಸಭೆಯಲ್ಲಿ ಒಪ್ಪಬೇಡಿ. ಮುಗಿದಿದೆ, ಮುಗಿದಿಲ್ಲ, ಯಾವ ದಿನ ಮುಗಿಯುತ್ತದೆ. ಇಷ್ಟೇ ಉತ್ತರ.

ವರ್ಷಕ್ಕೊಮ್ಮೆ, ಮತ್ತೆ ಅಕ್ಟೋಬರ್‌ನಲ್ಲಿ, ಯೋಜನೆಯನ್ನೇ ತಿದ್ದಬೇಕು. ಆಗ ಮೊದಲು ಮಾಡಬೇಕಾದ ಕೆಲಸ ಎರಡನೇ ಹಂತದ್ದೇ. ಅದೇ ಅಡ್ಮಿಷನ್ ಕೌಂಟರ್, ಅದೇ ಕುರ್ಚಿ, ಈ ವರ್ಷದ ನಾಲ್ಕು ಹೊಸ ಅರ್ಜಿ. ಹೆಸರನ್ನು ಈಗ ಎಷ್ಟು ಸಲ ಟೈಪ್ ಮಾಡುತ್ತಿದ್ದಾರೆ ಅಂತ ಎಣಿಸಿ.